ದಾಮೋದರ ಧರ್ಮಾನಂದ ಕೋಸಂಬಿ: ಪುರಾಣಕೋಶದಿಂದ ಕವಲುದಾರಿಯ ದೇವತೆಯವರೆಗೆ

೧

ಕನ್ನಡದ ಓದುಗನಿಗೆ ಗ್ರೀಕ್ ಪುರಾಣಲೋಕದ ಬಾಗಿಲು ತೆರೆದದ್ದು ಬಹುಮಟ್ಟಿಗೆ ನಾಟಕದ ಕಡೆಯಿಂದ. ಬಿ.ಎಂ. ಶ್ರೀಕಂಠಯ್ಯನವರು ಸೊಫೊಕ್ಲಿಸ್ ಕವಿಯ ಏಜಾಕ್ಸ್ ವೀರನ ದುರಂತವನ್ನು ಮಹಾಭಾರತದ ಅಶ್ವತ್ಥಾಮನಿಗೆ ಹೊಂದಿಸಿ ೧೯೨೯ರಲ್ಲಿ ‘ಅಶ್ವತ್ಥಾಮನ್’ ನಾಟಕವನ್ನು ಪ್ರಕಟಿಸಿದ ಮೇಲೆ, ರುದ್ರನಾಟಕದ ಪಾಠದೊಡನೆ ಗ್ರೀಕ್ ದೇವತೆಗಳ ಹೆಸರುಗಳೂ ನಮ್ಮ ತರಗತಿಗಳಲ್ಲಿ ಬಳಕೆಗೆ ಬಂದವು. ಹೆಸರಿನ ಹಿಂದೆಯೇ ಅರ್ಥದ ಪ್ರಶ್ನೆಯೂ ಬಂದಿತು. ಅಥೀನಾ ಎಂಬವಳು ಮಿನರ್ವಾ ಎಂಬವಳೇ? ಸ್ಯೂಸ್ ಮತ್ತು ಜುಪಿಟರ್ ಒಬ್ಬನೇ ದೇವರ ಎರಡು ಹೆಸರುಗಳೇ? ಒಂದೇ ಕಥೆಯನ್ನು ಒಂದು ಪುಸ್ತಕ ಒಂದು ಬಗೆಯಾಗಿಯೂ ಮತ್ತೊಂದು ಪುಸ್ತಕ ಬೇರೊಂದು ಬಗೆಯಾಗಿಯೂ ಹೇಳಿದಾಗ ಯಾವುದನ್ನು ನಂಬಬೇಕು? ಗ್ರೀಕ್ ಮತ್ತು ರೋಮನ್ ಪುರಾಣಗಳನ್ನು ಕುರಿತ ಒಳ್ಳೆಯ ಪರಾಮರ್ಶನ ಗ್ರಂಥ ಯಾವುದು ಎಂಬ ಪ್ರಶ್ನೆ ಮೇಲುನೋಟಕ್ಕೆ ಗ್ರಂಥಪಾಲಕರಿಗೆ ಸೇರಿದ ಸಣ್ಣ ಪ್ರಶ್ನೆಯಂತೆ ತೋರುತ್ತದೆ. ಪುರಾಣವೆಂದರೇನು, ಅದನ್ನು ಓದುವ ಕ್ರಮವೇನು ಎಂಬ ದೊಡ್ಡ ಪ್ರಶ್ನೆ ಅದರೊಳಗೇ ಅಡಗಿದೆ.

ಈ ದೊಡ್ಡ ಪ್ರಶ್ನೆಗೆ ತಮ್ಮ ಬರಹದಿಂದಲೂ ನಡಿಗೆಯಿಂದಲೂ ಉತ್ತರ ಹುಡುಕಿದವರಲ್ಲಿ ಪುಣೆಯ ದಾಮೋದರ ಧರ್ಮಾನಂದ ಕೋಸಂಬಿ ಅಗ್ರಗಣ್ಯರು. ವೃತ್ತಿಯಿಂದ ಅವರು ಗಣಿತಜ್ಞರು. ಗ್ರೀಕ್ ಪುರಾಣಗಳನ್ನು ಕುರಿತು ಅವರು ಕೋಶವನ್ನು ರಚಿಸಲಿಲ್ಲ, ಕೈಪಿಡಿಯನ್ನೂ ಬರೆಯಲಿಲ್ಲ. ಆದರೆ ಯುರೋಪಿನ ಪ್ರಾಚೀನ ವಿದ್ಯೆಯನ್ನು ಬಲ್ಲವರಾಗಿದ್ದು, ಸಂಸ್ಕೃತ ಗ್ರಂಥಸಂಪಾದನೆಯ ಶಿಸ್ತನ್ನು ರೂಢಿಸಿಕೊಂಡು, ಸಹ್ಯಾದ್ರಿಯ ತಪ್ಪಲಿನ ಹಳ್ಳಿದೇವತೆಗಳ ಮುಂದೆ ನಿಂತು ಪ್ರಶ್ನೆ ಕೇಳಿದ ಅವರ ಜೀವನವನ್ನು ಗಮನಿಸಿದರೆ, ಪುರಾಣದ ವಿದ್ಯಾರ್ಥಿ ಎಂಥ ಗ್ರಂಥವನ್ನು ಕೈಗೆತ್ತಿಕೊಳ್ಳಬೇಕು ಮತ್ತು ಅದನ್ನು ಎಲ್ಲಿಯವರೆಗೆ ನಂಬಬೇಕು ಎಂಬುದು ಸ್ಪಷ್ಟವಾಗುತ್ತದೆ.

೨

ದಾಮೋದರ ಕೋಸಂಬಿ ಹುಟ್ಟಿದ್ದು ೧೯೦೭ರ ಜುಲೈ ೩೧ರಂದು, ಗೋವೆಯ ಕೋಸಬೆಂ ಎಂಬಲ್ಲಿ. ತಂದೆ ಧರ್ಮಾನಂದ ಕೋಸಂಬಿಯವರು ಬುದ್ಧನ ಚರಿತ್ರೆಯಿಂದ ಆಕರ್ಷಿತರಾಗಿ ಮನೆ ಬಿಟ್ಟು ಹೊರಟು, ಪುಣೆ, ಕಾಶಿ, ನೇಪಾಳಗಳನ್ನು ಸುತ್ತಿ ಸಿಂಹಳವನ್ನು ಸೇರಿ, ಅಲ್ಲಿ ಭಿಕ್ಷುವಾಗಿ ಪಾಳಿಯನ್ನು ಕಲಿತು ಮರಳಿದವರು. ಧರ್ಮವನ್ನು ಅರಿಯಬೇಕಾದರೆ ಅದರ ಮೂಲಗ್ರಂಥಗಳ ಭಾಷೆಯನ್ನೇ ಕಲಿಯಬೇಕೆಂಬ ಹಟ ಅವರದು. ೧೯೧೨ರಿಂದ ೧೯೧೮ರವರೆಗೆ ಅವರು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಪಾಳಿಯ ಅಧ್ಯಾಪಕರಾಗಿದ್ದರು. ಬಾಲಕ ದಾಮೋದರನ ಮೊದಲ ವಿದ್ಯಾಭ್ಯಾಸ ಪುಣೆಯಲ್ಲಿ ನಡೆಯಿತು.

ಬುದ್ಧಘೋಷನ ‘ವಿಸುದ್ಧಿಮಗ್ಗ’ದ ಸಂಪಾದನೆಗಾಗಿ ಹಾರ್ವರ್ಡ್ ವಿಶ್ವವಿದ್ಯಾನಿಲಯ ಧರ್ಮಾನಂದರನ್ನು ಕರೆಸಿಕೊಂಡಿತ್ತು. ೧೯೧೮ರಲ್ಲಿ ಎರಡನೆಯ ಸಲ ಅಮೆರಿಕೆಗೆ ಹೊರಟಾಗ ಅವರು ಮಗನನ್ನೂ ಹಿರಿಯ ಮಗಳನ್ನೂ ಜೊತೆಯಲ್ಲಿ ಕರೆದೊಯ್ದರು. ಹೀಗೆ ಹನ್ನೊಂದರ ವಯಸ್ಸಿನಲ್ಲಿ ದಾಮೋದರ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್ ಪಟ್ಟಣದ ಶಾಲೆಯನ್ನು ಸೇರಿದ. ಮುಂದೆ ಆತ ಓದಿದ ಪ್ರೌಢಶಾಲೆಯ ಹೆಸರೇ ಕೇಂಬ್ರಿಜ್ ಹೈ ಅಂಡ್ ಲ್ಯಾಟಿನ್ ಸ್ಕೂಲ್. ನಡುವೆ ಕೆಲಕಾಲ ಭಾರತಕ್ಕೆ ಬಂದು, ಮತ್ತೆ ಹಾರ್ವರ್ಡನ್ನು ಸೇರಿ, ೧೯೨೯ರಲ್ಲಿ ಅತ್ಯುಚ್ಚ ಗೌರವದೊಡನೆ ಪದವಿ ಪಡೆದ. ಗಣಿತದೊಂದಿಗೆ ಗ್ರೀಕ್, ಲ್ಯಾಟಿನ್, ಜರ್ಮನ್, ಫ್ರೆಂಚ್, ಇಟಾಲಿಯನ್ ಭಾಷೆಗಳಲ್ಲಿ ಆತ ಪಡೆದ ಪ್ರವೇಶ ಆ ವರ್ಷಗಳ ಫಲ.

ಈ ವಿದ್ಯಾಭ್ಯಾಸದ ಮಹತ್ವವನ್ನು ಅರಿಯಬೇಕಾದರೆ ಅಂದಿನ ಭಾರತದ ಇಂಗ್ಲಿಷ್ ಶಿಕ್ಷಣದ ಸ್ಥಿತಿಯನ್ನು ನೆನೆಯಬೇಕು. ನಮ್ಮ ಕಾಲೇಜುಗಳಲ್ಲಿ ಗ್ರೀಕ್ ಪುರಾಣವೆಂಬುದು ಇಂಗ್ಲಿಷ್ ಕಾವ್ಯದ ಟಿಪ್ಪಣಿಗಳ ಮೂಲಕ ಬರುತ್ತಿತ್ತು. ಮಿಲ್ಟನ್, ಶೆಲ್ಲಿ, ಕೀಟ್ಸರ ಪದ್ಯಗಳಲ್ಲಿ ಬರುವ ದೇವತೆಗಳ ಹೆಸರಿಗೆ ಅರ್ಥ ಬೇಕಾದಾಗ ಮಾತ್ರ ವಿದ್ಯಾರ್ಥಿ ಕೋಶವನ್ನು ತೆರೆಯುತ್ತಿದ್ದ. ಕೋಸಂಬಿಯವರಿಗೆ ಹಾಗಾಗಲಿಲ್ಲ. ಆ ಲೋಕವನ್ನು ಅವರು ಅದರ ಭಾಷೆಗಳ ಬಾಗಿಲಿನಿಂದಲೇ ಕಂಡಿದ್ದರು. ಆದಕಾರಣ ಅದನ್ನು ಎಲ್ಲ ಸಂಸ್ಕೃತಿಗಳಿಗೂ ಅಳತೆಗೋಲಾಗಿ ಆರಾಧಿಸುವ ಭಕ್ತಿಯಾಗಲಿ, ಪರಕೀಯವೆಂದು ತಳ್ಳಿಹಾಕುವ ಅಭಿಮಾನವಾಗಲಿ ಅವರಲ್ಲಿ ಬೆಳೆಯಲಿಲ್ಲ.

೩

ಸ್ವದೇಶಕ್ಕೆ ಮರಳಿದ ಕೋಸಂಬಿಯವರು ಮೊದಲು ಬನಾರಸ್ ಹಿಂದೂ ವಿಶ್ವವಿದ್ಯಾನಿಲಯದಲ್ಲಿಯೂ ಅನಂತರ, ಫ್ರೆಂಚ್ ಗಣಿತಜ್ಞ ಆಂದ್ರೆ ವೇಯ್ಲ್ ಅವರ ಆಹ್ವಾನದ ಮೇಲೆ, ಅಲಿಗಢದಲ್ಲಿಯೂ ಗಣಿತವನ್ನು ಕಲಿಸಿದರು. ೧೯೩೩ರಲ್ಲಿ ತಂದೆ ಪಾಠ ಹೇಳಿದ್ದ ಫರ್ಗ್ಯುಸನ್ ಕಾಲೇಜಿಗೇ ಅಧ್ಯಾಪಕರಾಗಿ ಬಂದರು. ಅಲ್ಲಿಂದ ಕೊನೆಯವರೆಗೆ ಪುಣೆಯೇ ಅವರ ಊರಾಯಿತು. ೧೯೪೫ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯನ್ನು ಸೇರಿದ ಮೇಲೂ ಅವರು ಪುಣೆಯ ಮನೆಯನ್ನು ಬಿಡಲಿಲ್ಲ. ಡೆಕ್ಕನ್ ಕ್ವೀನ್ ರೈಲಿನಲ್ಲಿ ಹೋಗಿ ಬರುತ್ತಿದ್ದರು.

ಗಣಿತದಿಂದ ಪುರಾಣಕ್ಕೆ ಅವರು ಬಂದ ದಾರಿ ವಿಚಿತ್ರವಾಗಿ ಕಂಡರೂ ಅದರಲ್ಲೊಂದು ಕ್ರಮವಿದೆ. ಸಂಖ್ಯಾಶಾಸ್ತ್ರಕ್ಕೆ ತಕ್ಕ ಸಾಮಗ್ರಿಯನ್ನು ಹುಡುಕುತ್ತ ಅವರು ಪ್ರಾಚೀನ ಮುದ್ರಾಂಕಿತ ನಾಣ್ಯಗಳನ್ನು ತೂಗಿದರು. ನಾಣ್ಯ ಕೈಯಿಂದ ಕೈಗೆ ಸಾಗಿದಷ್ಟೂ ಸವೆಯುತ್ತದೆ. ಆ ಸವೆತವನ್ನು ಲೆಕ್ಕಕ್ಕೆ ಒಳಪಡಿಸಿದರೆ ನಾಣ್ಯಗಳ ಕಾಲಕ್ರಮ ತಿಳಿಯುತ್ತದೆ. ನಾಣ್ಯಗಳನ್ನು ಹೊರಡಿಸಿದವರಾರೆಂದು ತಿಳಿಯಲು ಗ್ರಂಥಗಳು ಬೇಕಾದವು, ಗ್ರಂಥಗಳಿಗಾಗಿ ಸಂಸ್ಕೃತ ಬೇಕಾಯಿತು, ಸಂಸ್ಕೃತಕ್ಕೆಂದು ಭರ್ತೃಹರಿಯನ್ನು ಹಿಡಿದರು. ಭರ್ತೃಹರಿಯ ಪದ್ಯಗಳು ಒಂದು ಪ್ರತಿಯಲ್ಲಿ ಇದ್ದಂತೆ ಮತ್ತೊಂದರಲ್ಲಿ ಇರಲಿಲ್ಲ. ಹೀಗೆ ಸುಭಾಷಿತವನ್ನು ಓದಲು ಹೊರಟವರು ಗ್ರಂಥಸಂಪಾದಕರಾದರು.

ಆ ಕಾರ್ಯಕ್ಕೆ ಪುಣೆಗಿಂತ ತಕ್ಕ ಸ್ಥಳ ದೇಶದಲ್ಲಿ ಬೇರೊಂದಿರಲಿಲ್ಲ. ೧೯೧೭ರಲ್ಲಿ ಸ್ಥಾಪಿತವಾದ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರ ಮಹಾಭಾರತದ ಸಂಶೋಧಿತ ಆವೃತ್ತಿಯನ್ನು ಕೈಗೆತ್ತಿಕೊಂಡಿತ್ತು. ೧೯೨೫ರಿಂದ ವಿಷ್ಣು ಸೀತಾರಾಮ ಸುಕ್ಥಣಕರರು ಅದರ ಪ್ರಧಾನ ಸಂಪಾದಕರಾಗಿ, ಕಾಶ್ಮೀರದಿಂದ ಕೇರಳದವರೆಗಿನ ಹಸ್ತಪ್ರತಿಗಳನ್ನು ಕೂಡಿಸಿ, ಪ್ರತಿಯೊಂದು ಶ್ಲೋಕದ ಕೆಳಗೂ ಪಾಠಾಂತರಗಳನ್ನು ಮುದ್ರಿಸುವ ಕ್ರಮವನ್ನು ನೆಲೆಗೊಳಿಸಿದರು. ಆದಿಪರ್ವ ೧೯೩೩ರಲ್ಲಿ, ಕೋಸಂಬಿಯವರು ಪುಣೆಗೆ ಬಂದ ವರ್ಷದಲ್ಲಿಯೇ, ಪೂರ್ಣವಾಯಿತು. ಕೋಸಂಬಿಯವರ ಮನೆಯೂ ಆ ಮಂದಿರದ ಆಸುಪಾಸಿನಲ್ಲಿಯೇ ಇದ್ದಿತು.

೧೯೪೮ರಲ್ಲಿ ಹೊರಬಂದ ಕೋಸಂಬಿಯವರ ಭರ್ತೃಹರಿ ಆವೃತ್ತಿ ೩೦೦ಕ್ಕೂ ಮಿಕ್ಕ ಹಸ್ತಪ್ರತಿಗಳನ್ನು ಆಧರಿಸಿದೆ. ಭರ್ತೃಹರಿಯ ಹೆಸರಿನಲ್ಲಿ ೮೦೦ಕ್ಕೂ ಹೆಚ್ಚು ಪದ್ಯಗಳು ಪ್ರಚಾರದಲ್ಲಿದ್ದರೂ ಬಹುಮಟ್ಟಿಗೆ ಎಲ್ಲ ಪಾಠಪರಂಪರೆಗಳಲ್ಲಿಯೂ ಕಾಣುವಂಥವು ೨೦೦ ಮಾತ್ರ ಎಂಬುದನ್ನು ಅವರು ತೋರಿಸಿಕೊಟ್ಟರು. ಉಳಿದವನ್ನು ಅವರು ಬಿಸುಡಲಿಲ್ಲ. ಯಾವುದು ಎಷ್ಟು ಪ್ರತಿಗಳಲ್ಲಿದೆ ಎಂದು ವರ್ಗೀಕರಿಸಿ ಇಟ್ಟರು. ಓದುಗನಿಗೆ ಒಂದು ಪಾಠವನ್ನು ಕೊಡುವಾಗ ಅದು ಎಲ್ಲಿಂದ ಬಂದಿತೆಂಬುದನ್ನೂ, ಅದಕ್ಕೆ ಎದುರಾದ ಬೇರೆ ಪಾಠಗಳು ಯಾವುವೆಂಬುದನ್ನೂ ಕೊಡಬೇಕೆಂಬ ಈ ಧರ್ಮವೇ ಮುಂದೆ ಅವರ ಪುರಾಣಾಧ್ಯಯನಕ್ಕೆ ತಳಹದಿಯಾಯಿತು.

೪

ಈ ಧರ್ಮದಿಂದ ಅಳೆದರೆ ಗ್ರೀಕ್ ಮತ್ತು ರೋಮನ್ ಪುರಾಣಗಳ ಪರಾಮರ್ಶನ ಗ್ರಂಥಗಳ ಯೋಗ್ಯತೆಯೂ ಬೇರೆಯಾಗಿ ಕಾಣುತ್ತದೆ. ೧೭೮೮ರಲ್ಲಿ ಪ್ರಕಟವಾದ ಲೆಂಪ್ರಿಯೇರ್‌ನ ಕೋಶ ಇಂಗ್ಲಿಷ್ ಕವಿಗಳಿಗೆ ಪ್ರಿಯವಾಗಿತ್ತು. ಆದರೆ ಅದರ ಕಾಲದ ರೂಢಿಯಂತೆ ಗ್ರೀಕ್ ದೇವತೆಗಳು ಅಲ್ಲಿ ಲ್ಯಾಟಿನ್ ಹೆಸರುಗಳ ಕೆಳಗೆ ಅಡಗಿಹೋಗಿದ್ದರು. ರೋಮನರ ಮಾರ್ಸ್ ಬೇಸಾಯದ ಹೊಲಗಳನ್ನೂ ಕಾಯುತ್ತಿದ್ದ ಗೌರವಾನ್ವಿತ ದೇವರು. ಗ್ರೀಕರ ಏರೀಸ್ ಹೋಮರನ ಕಾವ್ಯದಲ್ಲಿ ತಂದೆಗೂ ಬೇಡವಾದ ಕಲಹಪ್ರಿಯ. ಇವರಿಬ್ಬರನ್ನೂ ಒಂದೇ ಶೀರ್ಷಿಕೆಯ ಕೆಳಗೆ ಸೇರಿಸಿದ ಗ್ರಂಥ ಎರಡು ಜನಾಂಗಗಳ ಚರಿತ್ರೆಯನ್ನು ಅಳಿಸಿಬಿಡುತ್ತದೆ. ವಿಲಿಯಂ ಸ್ಮಿತ್ ೧೮೪೪ರಿಂದ ೧೮೪೯ರವರೆಗೆ ಮೂರು ಸಂಪುಟಗಳಲ್ಲಿ ಹೊರತಂದ ನಿಘಂಟು ಆಕರಗಳನ್ನು ನಮೂದಿಸಿದ್ದರಿಂದ ಹೆಚ್ಚು ವಿಶ್ವಾಸಾರ್ಹವಾಯಿತು. ಈ ಬಗೆಯ ಕೋಶಗಳ ಮಾದರಿಯಲ್ಲಿಯೇ ಜಾನ್ ಡೌಸನ್ ೧೮೭೯ರಲ್ಲಿ ಹಿಂದೂ ಪುರಾಣಗಳ ನಿಘಂಟನ್ನು ರಚಿಸಿದ್ದು.

ಕಥೆಯನ್ನು ಸುಂದರವಾಗಿ ಹೇಳುವ ಗ್ರಂಥ ಪರಾಮರ್ಶನಕ್ಕೆ ತಕ್ಕುದಾಗಿರಬೇಕೆಂಬ ನಿಯಮವಿಲ್ಲ. ಮೆಡೂಸಾಳ ಕಥೆಯನ್ನು ನೋಡಬಹುದು. ಚೆಲುವೆಯಾದ ಕನ್ಯೆಯೊಬ್ಬಳ ಕೂದಲು ಮಿನರ್ವಾ ದೇವಿಯ ಕೋಪದಿಂದ ಹಾವುಗಳಾದವೆಂಬ ಕಥೆ ಜನಪ್ರಿಯ ಪುಸ್ತಕಗಳಲ್ಲೆಲ್ಲ ಸಿಗುತ್ತದೆ. ಅದು ಕ್ರಿ.ಶ. ೮ರ ಸುಮಾರಿಗೆ ರಚಿತವಾದ ರೋಮನ್ ಕವಿ ಓವಿಡ್‌ನ ಕಾವ್ಯದ ಕಥೆ. ಅವನಿಗಿಂತ ಸುಮಾರು ೭೦೦ ವರ್ಷ ಹಿಂದಿನ ಹೆಸಿಯಡ್‌ನಲ್ಲಿ ಮೆಡೂಸಾ ಮೂವರು ಗೋರ್ಗನ್ ಸೋದರಿಯರಲ್ಲಿ ಮರಣವುಳ್ಳ ಒಬ್ಬಳು. ಶಾಪದ ಪ್ರಸ್ತಾಪವೇ ಇಲ್ಲ. ಅಂತೆಯೇ ಆಕ್ಟಿಯಾನ್ ಎಂಬ ಬೇಟೆಗಾರ ತನ್ನ ನಾಯಿಗಳಿಗೇ ಆಹಾರವಾದದ್ದು ಸ್ನಾನದಲ್ಲಿದ್ದ ದೇವಿಯನ್ನು ನೋಡಿದ್ದರಿಂದ ಎಂದು ಓವಿಡ್ ಹೇಳಿದರೆ, ಆಕೆಗಿಂತ ತಾನೇ ಮಿಗಿಲಾದ ಬೇಟೆಗಾರನೆಂದು ಕೊಚ್ಚಿಕೊಂಡದ್ದರಿಂದ ಎಂದು ಯೂರಿಪಿಡಿಸ್ ಸೂಚಿಸುತ್ತಾನೆ. ಈ ಭೇದವನ್ನು ಮರೆಮಾಚಿ ಒಂದೇ ಕಥೆಯನ್ನು ನಯಗೊಳಿಸಿ ಹೇಳುವ ಗ್ರಂಥ ಓದಲು ಹಿತವಾಗಿರಬಹುದು. ಅದನ್ನು ಆಧರಿಸಿ ವಾದ ಹೂಡಿದವನು ಮುಗ್ಗರಿಸುತ್ತಾನೆ.

ಕೋಸಂಬಿಯವರ ಜೀವಿತಕಾಲದಲ್ಲಿ ಈ ದೃಷ್ಟಿಯಿಂದ ಮೇಲಾದ ಗ್ರಂಥಗಳು ಬಂದಿದ್ದವು. ಪ್ರಾಚೀನ ಕಾಲದ ಪುರಾಣಸಂಗ್ರಹವಾದ ಅಪೊಲೊಡೋರಸನ ಗ್ರಂಥವನ್ನು ಜೇಮ್ಸ್ ಫ್ರೇಜರ್ ೧೯೨೧ರಲ್ಲಿ ಮೂಲ, ಅನುವಾದ ಮತ್ತು ಪ್ರತಿಯೊಂದು ಕಥೆಯ ಬೇರೆ ಬೇರೆ ಆಕರಗಳನ್ನು ಕೊಡುವ ಅಡಿಟಿಪ್ಪಣಿಗಳೊಡನೆ ಪ್ರಕಟಿಸಿದನು. ಎಚ್.ಜೆ. ರೋಸ್‌ನ ಕೈಪಿಡಿ ೧೯೨೮ರಲ್ಲಿ, ಆಕ್ಸ್‌ಫರ್ಡಿನ ಪ್ರಾಚೀನ ವಿದ್ಯಾ ನಿಘಂಟು ೧೯೪೯ರಲ್ಲಿ ಬಂದವು. ರಾಬರ್ಟ್ ಗ್ರೇವ್ಸ್ ಕವಿಯ ಗ್ರೀಕ್ ಪುರಾಣಕಥೆಗಳ ಸಂಗ್ರಹ ೧೯೫೫ರಲ್ಲಿ ಹೊರಬಂದು ಬಹು ಬೇಗ ಪ್ರಸಿದ್ಧವಾಯಿತು. ಅದರಲ್ಲಿ ಕಥೆ, ಆಕರಗಳ ಪಟ್ಟಿ, ವ್ಯಾಖ್ಯಾನ ಎಂಬ ಮೂರು ಭಾಗಗಳು ಬೇರೆಬೇರೆಯಾಗಿವೆ. ಆಕರಗಳ ಪಟ್ಟಿ ಉಪಯುಕ್ತವಾದರೂ, ಎಲ್ಲ ಕಥೆಗಳ ಹಿಂದೆಯೂ ಆದಿಮಾತೃದೇವತೆಯನ್ನೇ ಕಾಣುವ ವ್ಯಾಖ್ಯಾನವನ್ನು ವಿದ್ವಾಂಸರು ಒಪ್ಪಲಿಲ್ಲ. ಕಥೆ ಎಲ್ಲಿ ಮುಗಿಯಿತು, ಸಂಪಾದಕನ ಅಭಿಪ್ರಾಯ ಎಲ್ಲಿ ಮೊದಲಾಯಿತು ಎಂಬುದು ಓದುಗನಿಗೆ ಕಾಣುವಂತಿದ್ದರೆ ಅರ್ಧ ಅಪಾಯ ಕಳೆದಂತೆ. ಆ ಮಟ್ಟಿಗೆ ಗ್ರೇವ್ಸ್‌ನ ಗ್ರಂಥವೂ ಪ್ರಾಮಾಣಿಕವೇ.

೫

ಈ ವಿವೇಕವನ್ನು ಭಾರತೀಯ ಪುರಾಣದ ಮೇಲೆ ಪ್ರಯೋಗಿಸಿದ್ದು ಕೋಸಂಬಿಯವರ ವಿಶೇಷ. ಗ್ರೀಕ್ ಮತ್ತು ಭಾರತೀಯ ದೇವತೆಗಳ ಹೋಲಿಕೆ ಹೊಸದೇನೂ ಆಗಿರಲಿಲ್ಲ. ೧೭೮೪ರಲ್ಲಿಯೇ ವಿಲಿಯಂ ಜೋನ್ಸ್ ಗ್ರೀಸ್, ಇಟಲಿ ಮತ್ತು ಭಾರತದ ದೇವತೆಗಳನ್ನು ಸಾಲಾಗಿ ನಿಲ್ಲಿಸಿ ಪ್ರಬಂಧವನ್ನು ಬರೆದಿದ್ದನು. ಮುಂದೆ ಮ್ಯಾಕ್ಸ್‌ಮುಲ್ಲರ್ ಪುರಾಣಗಳ ಹಿಂದೆ ಸೂರ್ಯ, ಉಷಸ್ಸು ಮೊದಲಾದ ನಿಸರ್ಗದೃಶ್ಯಗಳನ್ನು ಕಂಡನು. ಅವನ ಮತದಲ್ಲಿ ಊರ್ವಶಿಯೆಂದರೆ ಉಷಸ್ಸು, ಪುರೂರವನೆಂದರೆ ಸೂರ್ಯ. ಸೂರ್ಯನು ಮೂಡಲು ಉಷಸ್ಸು ಮರೆಯಾಗುವುದೇ ಅವರ ಅಗಲಿಕೆ. ಹೆಸರಿಗೆ ಹೆಸರನ್ನು ಹೊಂದಿಸುವ ಈ ವಿಧಾನದಲ್ಲಿ ಕಥೆಯನ್ನು ಹೇಳಿದ ಜನರು ಯಾರು, ಅವರು ಹೇಗೆ ಬದುಕುತ್ತಿದ್ದರು ಎಂಬುದಕ್ಕೆ ಸ್ಥಾನವೇ ಇರಲಿಲ್ಲ.

ಊರ್ವಶೀ-ಪುರೂರವರನ್ನು ಕುರಿತ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಕೋಸಂಬಿಯವರು ಮೊದಲು ಕಥೆಯ ಪಾಠಭೇದಗಳನ್ನು ಹರವಿದರು. ಕಾಳಿದಾಸನ ನಾಟಕದಲ್ಲಿ ಊರ್ವಶಿ ಶಾಪದಿಂದ ಭೂಮಿಗಿಳಿದು, ಬಳ್ಳಿಯಾಗಿ, ಮಣಿಯ ಪ್ರಭಾವದಿಂದ ಮರಳಿ ರೂಪ ಪಡೆದು, ಕಡೆಗೆ ರಾಜನೊಡನೆ ಸುಖವಾಗಿ ಉಳಿಯುತ್ತಾಳೆ. ಶತಪಥ ಬ್ರಾಹ್ಮಣದಲ್ಲಿ ರಾಜನನ್ನು ಬತ್ತಲೆಯಾಗಿ ಕಾಣಬಾರದೆಂಬ ಕರಾರು, ಗಂಧರ್ವರ ಮೋಸ, ಕೊಳದಲ್ಲಿ ಹಕ್ಕಿಯ ರೂಪದ ಅಪ್ಸರೆಯರು ಬರುತ್ತಾರೆ. ಋಗ್ವೇದದ ಹತ್ತನೆಯ ಮಂಡಲದ ಸೂಕ್ತದಲ್ಲಿ ಇದಾವುದೂ ಇಲ್ಲ. ಬೇಡಿಕೊಳ್ಳುವ ಗಂಡು ಮತ್ತು ಒಪ್ಪದ ಹೆಣ್ಣಿನ ಕಠಿನವಾದ ಸಂವಾದ ಮಾತ್ರ ಅಲ್ಲಿದೆ. ಹಿಂದಿನದನ್ನು ಮುಂದಿನದರಿಂದ ವಿವರಿಸುವ ಅಭ್ಯಾಸವನ್ನು ಕೈಬಿಟ್ಟು, ಕೋಸಂಬಿಯವರು ಆ ಸೂಕ್ತವನ್ನು ಒಂದು ಆಚರಣೆಯ ಅವಶೇಷವೆಂದು ಓದಿದರು. ದೇವಿಯ ಪ್ರತಿನಿಧಿಯನ್ನು ಕೂಡಿದ ಪುರುಷ ಬಲಿಯಾಗಬೇಕಾದ ಪ್ರಾಚೀನ ವಿಧಿಯ ನೆನಪು ಆ ಸಂವಾದದಲ್ಲಿ ಉಳಿದಿದೆ ಎಂಬುದು ಅವರ ನಿರ್ಣಯ. ದೇವತೆಯ ಸಂಗ ಮಾಡಿದ ಮನುಷ್ಯನಿಗೆ ಕೇಡು ತಪ್ಪದೆಂಬ ಗ್ರೀಕ್ ಕಥೆಗಳ ಭಯ ಇಲ್ಲಿ ಹೋಲಿಕೆಗೆ ಒದಗುತ್ತದೆ. ಎರಡೂ ಕಡೆಗಳಲ್ಲಿ ಒಂದೇ ದೇವತೆಯಿದ್ದಾಳೆಂಬುದಕ್ಕೆ ಆ ಹೋಲಿಕೆ ಪ್ರಮಾಣವಾಗಲಾರದು. ಒಂದೇ ಬಗೆಯ ಸಮಾಜಸ್ಥಿತಿ ಒಂದೇ ಬಗೆಯ ವಿಧಿಗಳನ್ನು ಹುಟ್ಟಿಸಬಹುದೆಂಬ ಊಹೆಗೆ ಮಾತ್ರ ಅದು ಆಧಾರ. ಗ್ರೀಕ್ ರುದ್ರನಾಟಕವನ್ನು ಸಮಾಜಚರಿತ್ರೆಯ ಬೆಳಕಿನಲ್ಲಿ ಓದಿದ ಜಾರ್ಜ್ ಥಾಮ್ಸನ್‌ನ ಎಸ್ಕಿಲಸ್ ಅಧ್ಯಯನ ೧೯೪೧ರಲ್ಲಿ ಪ್ರಕಟವಾಗಿದ್ದುದನ್ನು ಇಲ್ಲಿ ನೆನೆಯಬಹುದು.

೬

ಗ್ರಂಥಗಳ ಪಾಠಭೇದಗಳನ್ನು ಕೂಡಿಸಿದ ಮೇಲೂ ಒಂದು ಕೊರತೆ ಉಳಿಯುತ್ತದೆ. ಬರಹಕ್ಕೆ ಬಾರದ ಪಾಠಗಳು ಎಲ್ಲಿವೆ? ಗ್ರೀಸ್ ದೇಶದಲ್ಲಿ ಹಳೆಯ ದೇವತೆಗಳ ಪೂಜೆ ನಿಂತು ಶತಮಾನಗಳಾಗಿವೆ. ಅಲ್ಲಿನ ವಿದ್ವಾಂಸನಿಗೆ ಶಾಸನ, ಶಿಲ್ಪ, ಗ್ರಂಥಗಳೇ ಗತಿ. ಭಾರತದ ಸ್ಥಿತಿ ಹಾಗಲ್ಲವೆಂಬುದನ್ನು ಕೋಸಂಬಿಯವರು ಚೆನ್ನಾಗಿ ಕಂಡುಕೊಂಡರು. ಪುಣೆಯ ಸುತ್ತಮುತ್ತಲ ಗುಡ್ಡಗಳಲ್ಲಿ ಕೈಯಲ್ಲಿ ಕೋಲು, ಬೆನ್ನಿಗೆ ಚೀಲವಿಟ್ಟುಕೊಂಡು ಅವರು ನಡೆದದ್ದು ಇದಕ್ಕಾಗಿಯೇ. ಸೂಕ್ಷ್ಮಶಿಲಾಯುಧಗಳು ಬಿದ್ದಿರುವ ಜಾಡನ್ನು ಹಿಡಿದು ಹೋದರೆ ಸಿಂಧೂರ ಬಳಿದ ಕಲ್ಲುಗಳು ಎದುರಾಗುತ್ತಿದ್ದವು. ಕಲ್ಲುಗಳಿದ್ದ ದಾರಿಯಲ್ಲಿ ಧನಗರರು ಇಂದಿಗೂ ಋತುಮಾನಕ್ಕೆ ತಕ್ಕಂತೆ ಕುರಿಗಳನ್ನು ಹೊಡೆದುಕೊಂಡು ಸಾಗುತ್ತಿದ್ದರು.

೧೯೬೨ರಲ್ಲಿ ಪ್ರಕಟವಾದ ‘ಮಿಥ್ ಅಂಡ್ ರಿಯಾಲಿಟಿ’ ಗ್ರಂಥದಲ್ಲಿ ಈ ನಡಿಗೆಯ ಫಲವಿದೆ. ಅದರಲ್ಲಿನ ಕವಲುದಾರಿಯ ದೇವತೆಗಳ ಪ್ರಬಂಧ ಮೃಚ್ಛಕಟಿಕ ನಾಟಕದ ಒಂದು ಸಣ್ಣ ಸಂಗತಿಯಿಂದ ಹೊರಡುತ್ತದೆ. ಚಾರುದತ್ತನು ಸಂಜೆಯಲ್ಲಿ ಮಾತೃದೇವತೆಗಳಿಗೆ ಬಲಿಯನ್ನು ಚತುಷ್ಪಥದಲ್ಲಿ ಇಟ್ಟು ಬಾರೆಂದು ಗೆಳೆಯನಿಗೆ ಹೇಳುತ್ತಾನೆ. ಮಾತೃಕೆಯರಿಗೆ ಮನೆಯಲ್ಲಾಗಲಿ ಗುಡಿಯಲ್ಲಾಗಲಿ ಬಲಿಯನ್ನು ಕೊಡದೆ ದಾರಿಗಳು ಕೂಡುವಲ್ಲಿ ಕೊಡುವುದೇಕೆ? ಕೋಶವನ್ನು ತೆರೆದರೆ ಹೋಲಿಕೆಗಳು ಸಿಗುತ್ತವೆ. ಗ್ರೀಕರ ಹೆಕಟಿಗೆ ಮೂರು ದಾರಿ ಕೂಡುವಲ್ಲಿ ಎಡೆಯಿಡುತ್ತಿದ್ದರು. ರೋಮನರು ಕವಲುದಾರಿಯ ಲಾರೆಸ್ ದೇವತೆಗಳಿಗೆ ಹಬ್ಬ ಮಾಡುತ್ತಿದ್ದರು, ಆಗಸ್ಟಸ್ ಚಕ್ರವರ್ತಿ ಕ್ರಿ.ಪೂ. ೭ರಲ್ಲಿ ರೋಮ್ ನಗರದ ಆ ಪೂಜೆಯನ್ನು ಹೊಸದಾಗಿ ವ್ಯವಸ್ಥೆಗೊಳಿಸಿದನು. ಇದೇ ಹೆಕಟಿ ಹೆಸಿಯಡ್‌ನ ಕಾವ್ಯದಲ್ಲಿ ಕತ್ತಲ ದೇವತೆಯಾಗಿರದೆ, ದನಗಾಹಿಗಳಿಗೂ ಮೀನುಗಾರರಿಗೂ ವರವೀಯುವ ಮಹಾದೇವಿಯಾಗಿದ್ದಳೆಂಬುದನ್ನು ಒಳ್ಳೆಯ ಕೋಶ ಹೇಳುತ್ತದೆ. ಆದರೆ ಏಕೆ ಎಂಬ ಪ್ರಶ್ನೆಗೆ ಕೋಶದಲ್ಲಿ ಉತ್ತರವಿಲ್ಲ.

ಕೋಸಂಬಿಯವರು ಉತ್ತರವನ್ನು ಜಾಡುಗಳಲ್ಲಿ ಹುಡುಕಿದರು. ನೇಗಿಲು ಬರುವುದಕ್ಕೆ ಮುಂಚೆ ಅಲೆಮಾರಿ ಗುಂಪುಗಳ ದಾರಿಗಳು ಎಲ್ಲಿ ಸಂಧಿಸುತ್ತಿದ್ದವೋ ಅಲ್ಲಿ ವಿನಿಮಯವೂ ಸಾಮೂಹಿಕ ವಿಧಿಗಳೂ ನಡೆಯುತ್ತಿದ್ದವು; ಊರು ಹುಟ್ಟಿದ ಮೇಲೂ ದ��ವತೆಗಳು ಆ ಹಳೆಯ ಸಂಧಿಯಲ್ಲಿಯೇ, ಊರಿನ ಹೊರಗೆ, ಉಳಿದುಕೊಂಡರು. ಮುಂದೆ ವ್ಯಾಪಾರದ ದಾರಿಗಳೂ ಅವೇ ಜಾಡುಗಳನ್ನು ಅನುಸರಿಸಿದವು. ಬೌದ್ಧ ವಿಹಾರಗಳು ಆ ದಾರಿಗಳ ಬದಿಯಲ್ಲಿ ಎದ್ದವು. ಪುಣೆಯಿಂದ ಲೋಣಾವಳೆಯ ಕಡೆಗಿರುವ ಮಾವಳ ಪ್ರದೇಶದ ಹೆಸರು ಕಾರ್ಲೆಯ ಶಾಸನದಲ್ಲಿ ಮಾಮಾಲಾಹಾರ ಎಂದಿದೆ; ಅಲ್ಲಿನ ನೀರಿನೆಡೆಗಳಲ್ಲಿ ಪೂಜೆಗೊಳ್ಳುವ ತಾಯಿಯರ ಹೆಸರಿನಲ್ಲಿ ಅದರ ಮೂಲವನ್ನು ಅವರು ಕಂಡರು. ಕಾರ್ಲೆಯ ಚೈತ್ಯದ ಬಾಗಿಲಿನಲ್ಲಿಯೇ ಏಕವೀರಾ ದೇವಿಯ ಗುಡಿಯಿದ್ದು, ಮುಂಬಯಿ ಕರಾವಳಿಯ ಕೋಳಿ ಜನರು ಇಂದಿಗೂ ಆಕೆಗೆ ನಡೆದುಕೊಳ್ಳುತ್ತಾರೆ.

ಆ ಚೈತ್ಯದಲ್ಲಿಯೇ ಗ್ರೀಕ್ ಲೋಕವೂ ಎದುರಾಗುತ್ತದೆಂಬುದು ವಿಶೇಷ. ಅಲ್ಲಿನ ಹಲವು ಕಂಬಗಳು ಧೇನುಕಾಕಟದ ಯವನರ ದಾನವೆಂದು ಶಾಸನಗಳು ಹೇಳುತ್ತವೆ. ಒಂದು ಕಂಬದ ಮೇಲಣ ಶಿಲ್ಪದಲ್ಲಿ ಕೋಸಂಬಿಯವರು ಸ್ಫಿಂಕ್ಸ್ ಆಕೃತಿಯನ್ನು ಗುರುತಿಸಿದರು. ಗ್ರೀಕ್ ಪುರಾಣಕೋಶಗಳಲ್ಲಿ ಈಡಿಪಸನಿಗೆ ಒಗಟು ಹೇಳುವ ಪ್ರಾಣಿ ಸಹ್ಯಾದ್ರಿಯ ಬೌದ್ಧ ಗುಹೆಯಲ್ಲಿ ಬಂದು ಕುಳಿತ ಬಗೆಯನ್ನು ಆ ಕೋಶಗಳಿಂದ ಅರಿಯಲಾಗದು. ಸಮುದ್ರವ್ಯಾಪಾರದ ಚರಿತ್ರೆಯಿಂದ ಅರಿಯಬೇಕು.

ಮ್ಹಸೋಬನ ವಿಷಯದಲ್ಲಿ ಈ ವಿಧಾನದ ಫಲ ಕನ್ನಡಿಗರಿಗೆ ಹೆಚ್ಚು ಹತ್ತಿರವಾಗಿ ಕಾಣುತ್ತದೆ. ದೇವೀಮಾಹಾತ್ಮ್ಯವನ್ನು ಓದಿದವನಿಗೆ ಮಹಿಷನೆಂದರೆ ದೇವಿ ಕೊಂದ ಅಸುರ. ಪುಣೆಯ ಸುತ್ತಣ ಹಳ್ಳಿಗಳಲ್ಲಿ ಮ್ಹಸೋಬ ಪೂಜೆಗೊಳ್ಳುವ ದೇವರು. ಕೆಲವೆಡೆ ಆತನು ದೇವಿಯ ಗಂಡನೂ ಹೌದು. ಕೊಲೆಯೂ ಮದುವೆಯೂ ಒಂದೇ ಜೋಡಿಯನ್ನು ಕುರಿತ ಎರಡು ಪಾಠಗಳೆಂದು ಕೋಸಂಬಿಯವರು ತೋರಿಸಿದರು. ಎರಡು ಜನಸಮುದಾಯಗಳು ಬೆರೆತ ಕಡೆ ಅವರ ದೇವತೆಗಳಿಗೆ ಮದುವೆಯಾಯಿತು; ಬೆರೆಯದೆ ಸೆಣಸಿದ ಕಡೆ ಒಬ್ಬರು ಇನ್ನೊಬ್ಬರನ್ನು ಕೊಂದರು. ಗ್ರಂಥವನ್ನಷ್ಟೇ ನಂಬಿದವನಿಗೆ ಈ ಎರಡನೆಯ ಪಾಠ ದೊರೆಯುತ್ತಲೇ ಇರಲಿಲ್ಲ.

೭

೧೯೬೫ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಪ್ರಾಚೀನ ಭಾರತದ ಸಂಸ್ಕೃತಿ ಮತ್ತು ನಾಗರಿಕತೆಯನ್ನು ಕುರಿತ ಗ್ರಂಥದಲ್ಲಿ ಕೋಸಂಬಿಯವರು ಕೃಷ್ಣನ ಕಥೆಯನ್ನು ಇದೇ ರೀತಿ ಪರಿಶೀಲಿಸಿದರು. ಮೆಗಾಸ್ತನೀಸ್ ಮೊದಲಾದ ಗ್ರೀಕರು ಭಾರತದಲ್ಲಿ ಕಂಡ ಹೆರಾಕ್ಲೀಸ್ ಕೃಷ್ಣನೇ ಎಂಬ ಮತವನ್ನು ಅವರು ಒಪ್ಪಿದರು. ಕಾಳಿಯಮರ್ದನಕ್ಕೂ ಹೆರಾಕ್ಲೀಸ್ ಹಲವು ಹೆಡೆಯ ಹೈಡ್ರಾವನ್ನು ಕೊಂದುದಕ್ಕೂ ಇರುವ ಸಾಮ್ಯವನ್ನೂ, ಕಾಲಿಗೆ ತಗುಲಿದ ಬಾಣದಿಂದ ಕೃಷ್ಣ ಮತ್ತು ಅಕಿಲೀಸ್ ಇಬ್ಬರೂ ಅಳಿದುದನ್ನೂ ಎತ್ತಿ ತೋರಿಸಿದರು. ಪರದೇಶದವನು ತನ್ನ ದೇವರ ಹೆಸರಿನಿಂದ ನಮ್ಮ ದೇವರನ್ನು ಕರೆದಾಗ ಅದು ತಪ್ಪು ಮಾತ್ರವಾಗಿರುವುದಿಲ್ಲ. ಆ ಕಾಲದಲ್ಲಿ ಆ ದೇವರ ಯಾವ ಕಥೆಗಳು ಪ್ರಚಾರದಲ್ಲಿದ್ದವೆಂಬುದಕ್ಕೆ ಸಾಕ್ಷ್ಯವೂ ಆಗಬಹುದು.

ಕೋಸಂಬಿಯವರ ಎಲ್ಲ ನಿರ್ಣಯಗಳೂ ನಿಂತಿವೆಯೆಂದು ಹೇಳಲಾಗದು. ಆದಿಯಲ್ಲಿ ಎಲ್ಲೆಡೆಯೂ ಮಾತೃಪ್ರಧಾನ ಸಮಾಜವಿತ್ತೆಂಬ, ಬಾಖೋಫೆನ್, ಮಾರ್ಗನ್, ಎಂಗೆಲ್ಸರಿಂದ ಬಂದ ಕಲ್ಪನೆಯನ್ನು ಅವರು ಆಧಾರವಾಗಿ ಹಿಡಿದಿದ್ದರು. ಗ್ರೇವ್ಸ್‌ನ ವ್ಯಾಖ್ಯಾನವನ್ನು ಸಡಿಲಗೊಳಿಸಿದ ಆಕ್ಷೇಪಣೆಗಳೇ ಅನಂತರದ ಸಂಶೋಧಕರಿಂದ ಇವರ ಊಹೆಗಳ ಮೇಲೂ ಬಂದವು. ಹೆಸರುಗಳ ಸಾಮ್ಯದಿಂದ ಕುಲಚಿಹ್ನೆಗಳನ್ನು ಊಹಿಸುವಾಗ ಅವರು ಕೆಲವೊಮ್ಮೆ ಆಧಾರಕ್ಕಿಂತ ಮುಂದೆ ಹೋದದ್ದುಂಟು. ಗಣಿತದಲ್ಲಿಯೂ ಅವರಿಗೆ ಅಂಥ ಪೆಟ್ಟು ಬಿದ್ದಿತು. ಅನುವಂಶಿಕತೆಯ ಗಣಿತಕ್ಕೆ ೧೯೪೪ರಲ್ಲಿ ಅವರಿತ್ತ ಸೂತ್ರ ಇಂದಿಗೂ ಅವರ ಹೆಸರಿನಲ್ಲಿಯೇ ಬಳಕೆಯಲ್ಲಿದೆ. ಆದರೆ ರೀಮಾನ್ ಊಹೆಯನ್ನು ಸಾಧಿಸಿದೆನೆಂದು ಅವರು ಪ್ರಕಟಿಸಿದ ಬರಹ ಒಪ್ಪಿಗೆಯಾಗದೆ ಕೀರ್ತಿಗೆ ಕುಂದು ತಂದಿತು. ೧೯೬೨ರಲ್ಲಿ ಟಾಟಾ ಸಂಸ್ಥೆಯ ಸಂಬಂಧ ಕಡಿಯಿತು. ೧೯೬೪ರಲ್ಲಿ ವೈಜ್ಞಾನಿಕ ಮತ್ತು ಔದ್ಯಮಿಕ ಸಂಶೋಧನ ಪರಿಷತ್ತು ಅವರನ್ನು ನಿವೃತ್ತ ವಿಜ್ಞಾನಿಯಾಗಿ ನೇಮಿಸಿತು. ಆ ಹುದ್ದೆಯಲ್ಲಿ ಅವರು ಪುಣೆಯಲ್ಲಿಯೇ ಕೆಲಸ ಮುಂದುವರಿಸಿದರು. ೧೯೬೬ರ ಜೂನ್ ೨೯ರಂದು, ಐವತ್ತೊಂಬತ್ತು ತುಂಬುವ ಮೊದಲೇ, ನಿದ್ರೆಯಲ್ಲಿಯೇ ತೀರಿಕೊಂಡರು. ಮಹಾಭಾರತದ ಸಂಶೋಧಿತ ಆವೃತ್ತಿ ಪೂರ್ಣವಾದದ್ದೂ ಆ ವರ್ಷವೇ.

ತಪ್ಪಿದ ಕಡೆಗಳಲ್ಲಿಯೂ ಅವರನ್ನು ಪರೀಕ್ಷಿಸಲು ಬೇಕಾದ ಸಾಮಗ್ರಿಯನ್ನು ಅವರೇ ಒದಗಿಸಿದ್ದಾರೆ. ಋಕ್ಕಿನ ಸಂಖ್ಯೆ, ಹಸ್ತಪ್ರತಿಯ ವಿವರ, ಕಲ್ಲಿದ್ದ ಸ್ಥಳ, ಪೂಜಿಸುವ ಜನರ ಜಾತಿ, ಜಾತ್ರೆಯ ಕಾಲ ಇವೆಲ್ಲವನ್ನೂ ನಿರ್ಣಯದಿಂದ ಬೇರ್ಪಡಿಸಿ ದಾಖಲಿಸಿದ್ದರಿಂದ, ನಿರ್ಣಯವನ್ನು ಒಪ್ಪದವನೂ ದಾಖಲೆಯನ್ನು ಬಳಸಬಹುದು.

೮

ಕೋಸಂಬಿಯವರ ಜೀವನದಿಂದ ಕನ್ನಡದ ಪುರಾಣಾಧ್ಯಯನಕ್ಕೆ ದೊರೆಯುವ ಪಾಠ ಸ್ಪಷ್ಟವಾಗಿದೆ. ಗ್ರೀಕ್ ಮತ್ತು ರೋಮನ್ ಪುರಾಣಗಳ ಗ್ರಂಥವನ್ನು ಆಯುವಾಗ ನೋಡಬೇಕಾದವು ಕೆಲವು. ಗ್ರೀಕ್ ದೇವತೆಯನ್ನೂ ರೋಮನ್ ದೇವತೆಯನ್ನೂ ಅದು ಬೇರ್ಪಡಿಸಿದೆಯೇ? ಪ್ರತಿಯೊಂದು ಕಥೆಗೂ ಕವಿಯ ಹೆಸರನ್ನೂ ಕಾಲವನ್ನೂ ಹೇಳಿದೆಯೇ? ಪಾಠಭೇದಗಳನ್ನು ಕೊಟ್ಟಿದೆಯೇ? ಕಥೆಯನ್ನೂ ವ್ಯಾಖ್ಯಾನವನ್ನೂ ಬೆರೆಸದೆ ಇಟ್ಟಿದೆಯೇ? ದೇವತೆಗೆ ಎಲ್ಲಿ, ಯಾರು, ಹೇಗೆ ಪೂಜೆ ಸಲ್ಲಿಸುತ್ತಿದ್ದರೆಂಬುದನ್ನು ಹೇಳಿದೆಯೇ? ಟಿಮೊಥಿ ಗ್ಯಾಂಟ್ಜ್ ೧೯೯೩ರಲ್ಲಿ ಪ್ರಕಟಿಸಿದ ಪ್ರಾಚೀನ ಗ್ರೀಕ್ ಪುರಾಣಗಳ ಆಕರಗ್ರಂಥ ಸಾಹಿತ್ಯ ಮತ್ತು ಕಲೆಯ ಆಧಾರಗಳನ್ನು ಕಾಲಕ್ರಮದಲ್ಲಿ ಜೋಡಿಸಿ ಇವುಗಳಲ್ಲಿ ಹಲವು ಅಪೇಕ್ಷೆಗಳನ್ನು ಪೂರೈಸಿತು. ನಿತ್ಯದ ಬಳಕೆಗೆ ಆಕ್ಸ್‌ಫರ್ಡ್ ನಿಘಂಟು, ಮೂಲದ ಪರಿಶೀಲನೆಗೆ ಫ್ರೇಜರನ ಅಪೊಲೊಡೋರಸ್ ಕೈಗೆಟಕುವಂತಿದ್ದರೆ ವಿದ್ಯಾರ್ಥಿ ದಾರಿ ತಪ್ಪಲಾರ.

ಈ ಪ್ರಶ್ನೆಗಳನ್ನು ನಮ್ಮ ಕೋಶಗಳಿಗೂ ಕೇಳಬೇಕಾಗಿದೆ. ಬೆನಗಲ್ ರಾಮರಾವ್ ಮತ್ತು ಪಾನ್ಯಂ ಸುಂದರಶಾಸ್ತ್ರಿಗಳ ‘ಪುರಾಣ ನಾಮ ಚೂಡಾಮಣಿ’ ಕನ್ನಡ ವಿದ್ಯಾರ್ಥಿಗೆ ಬಹುಕಾಲದಿಂದ ನೆರವಾಗಿರುವ ಗ್ರಂಥ. ಅದರ ಪಕ್ಕದಲ್ಲಿ ಇರಬೇಕಾದ ಮತ್ತೊಂದು ಕೋಶ ಜಾತ್ರೆಗಳಲ್ಲಿ, ಗೊರವರ ಹಾಡಿನಲ್ಲಿ, ಊರಗಡಿಯ ಮಾರಿಯ ಕಲ್ಲಿನಲ್ಲಿ ಚದರಿಹೋಗಿದೆ. ಪುಣೆ ಜಿಲ್ಲೆಯ ಜೇಜುರಿಯಲ್ಲಿ ಖಂಡೋಬನ ಪಕ್ಕದಲ್ಲಿ ಮ್ಹಾಳಸೆ ಮತ್ತು ಬಾಣಾಯಿ. ಕರ್ನಾಟಕದ ಮೈಲಾರನ ಪಕ್ಕದಲ್ಲಿ ಗಂಗಿಮಾಳವ್ವ ಮತ್ತು ಕುರುಬತ್ತೆವ್ವ. ಒಂದೇ ದೇವರ ಎರಡು ಪಾಠಗಳು ಎರಡು ಭಾಷೆಗಳಲ್ಲಿ ಜೀವಂತವಾಗಿವೆ. ಎರಡರಲ್ಲಿಯೂ ಕುರಿಗಾಹಿ ಹೆಣ್ಣು ಎರಡನೆಯ ಹೆಂಡತಿ. ಇವೆರಡನ್ನೂ ಒಂದೇ ಪುಟದಲ್ಲಿ, ಸ್ಥಳ, ಜನ, ಕಾಲಗಳ ಉಲ್ಲೇಖದೊಡನೆ, ಯಾವುದನ್ನೂ ಅಳಿಸದೆ ಮುದ್ರಿಸುವ ಕೋಶ ಸಿದ್ಧವಾಗಬೇಕು. ಹಾಡು ಬಲ್ಲ ಮುದುಕರು ಕಡಮೆಯಾಗುತ್ತಿರುವುದರಿಂದ ಆ ಕೆಲಸಕ್ಕೆ ಉಳಿದಿರುವ ಅವಧಿಯೂ ದೀರ್ಘವಾದುದಲ್ಲ. ಕಾರ್ಲೆಯ ದಾರಿಯಲ್ಲಿ ಕೋಲೂರಿ ನಡೆದ ವಿದ್ವಾಂಸನ ಸ್ಮರಣೆಗೆ ಕನ್ನಡ ವಿಭಾಗಗಳು ಸಲ್ಲಿಸಬಹುದಾದ ಕಾಣಿಕೆ ಅದೇ.